ಬರಗಾಲದ ಅನಾಥರು ಪ್ರಾಪ್ತವಯಸ್ಕರಾದ ಬಗೆ

ಅನಾಥ ಮಕ್ಕಳ ಪೋಷಣೆಯ ಚರಿತ್ರೆಯನ್ನು ಬರೆದವರು ಮಗುವು ಆಶ್ರಯವನ್ನು ಸೇರಿದ ದಿನವನ್ನೇ ಮುಖ್ಯವೆಂದೆಣಿಸಿರುವರು. ಅದು ಬೆಳೆದು ಹೊರಬಂದ ಮೇಲೆ ಏನಾಯಿತೆಂದು ವಿಚಾರಿಸಿದವರು ವಿರಳ. ಈ ಎರಡನೆಯ ಪ್ರಶ್ನೆಯನ್ನು ನಾವು ಬೆಂಗಳೂರಿನ ಸುತ್ತಲಿನ ಒಂದು ನಿದರ್ಶನದ ಮೂಲಕ ಪರಿಶೀಲಿಸಬಯಸುತ್ತೇವೆ.

ಜನರು ಧಾತು ಈಶ್ವರದ ಬರವೆಂದು ಕರೆದ 1876-78ರ ಕ್ಷಾಮದ ಪರಿಣಾಮ ಸುವಿದಿತವಾಗಿದೆ. 1871ರ ಗಣತಿಯಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 41,86,188ಕ್ಕೆ ಇಳಿಯಿತು. ಈ ಅಂಕಿಗಳು ಸತ್ತವರನ್ನು ಸೂಚಿಸುತ್ತವೆಯೇ ಹೊರತು, ತಂದೆತಾಯಿಗಳನ್ನು ಕಳೆದುಕೊಂಡು ಬದುಕುಳಿದವರನ್ನಲ್ಲ. ಅಂತಹ ಮಕ್ಕಳಲ್ಲಿ ಅನೇಕರು ಕ್ರೈಸ್ತ ಮಿಷನರಿಗಳ ಆಶ್ರಯವನ್ನು ಸೇರಿದರು. ಅವರು ಬೆಳೆದಂತೆ ಕ್ಯಾಥೊಲಿಕ್ ಪಾದ್ರಿಗಳು ಅವರಿಗಾಗಿ ಬೇಸಾಯದ ಊರುಗಳನ್ನೇ ಕಟ್ಟಿದರು. ನೆಲಮಂಗಲದ ಕಡೆಯ ಸಿಲುವೇಪುರ ಒಂದು, ಕನಕಪುರದ ದಾರಿಯಲ್ಲಿ ತಾತಗುಣಿಯ ಬಳಿಯ ಮರಿಯಾಪುರ ಮತ್ತೊಂದು. ಶಿಲುಬೆಯ ಹೆಸರೂ ಮೇರಿಯ ಹೆಸರೂ 'ಪುರ'ವನ್ನು ಕೂಡಿಕೊಂಡು ನಮ್ಮ ಗ್ರಾಮನಾಮಗಳ ಪಟ್ಟಿಯಲ್ಲಿ ಸೇರಿಹೋದುದು ಹೀಗೆ.

ಊರನ್ನೇ ಕಟ್ಟುವ ಅಗತ್ಯವೇಕೆ ಬಂದಿತು? ಅನ್ನ, ಬಟ್ಟೆ, ಅಕ್ಷರಗಳನ್ನು ಅನಾಥಾಲಯ ಕೊಡಬಲ್ಲದು. ಆದರೆ ಅಂದಿನ ಗ್ರಾಮಜೀವನದಲ್ಲಿ ಪ್ರಾಪ್ತವಯಸ್ಕನಿಗೆ ಬೇಕಾದುದೆಲ್ಲವೂ ಬಂಧುತ್ವದ ದಾರಿಯಿಂದಲೇ ಬರುತ್ತಿದ್ದಿತು. ಸಾಲಕ್ಕೆ ಹೊಣೆ ನಿಲ್ಲುವವನು ಚಿಕ್ಕಪ್ಪ. ಹೆಣ್ಣು ನೋಡುವವಳು ಸೋದರತ್ತೆ. ಪಂಚಾಯಿತಿಯಲ್ಲಿ ಪರವಾಗಿ ನುಡಿಯುವವರು ದಾಯಾದಿಗಳು (ಜಗಳಕ್ಕೆ ಅವರೇ ಕಾರಣರಾಗಿರುವುದು ಬೇರೆಯ ಮಾತು). ಕುಲವಾವುದು, ಊರಾವುದು ಎಂಬ ಪ್ರಶ್ನೆಗೆ ಉತ್ತರವಿಲ್ಲದವನು ಎಷ್ಟು ದುಡಿದರೂ ಪರಕೀಯನೇ. ಪಾದ್ರಿಗಳು ಕೊಟ್ಟ ಊರು ಕಡೆಯ ಪಕ್ಷ ಎರಡನೆಯ ಪ್ರಶ್ನೆಗೆ ಉತ್ತರವಾಯಿತು. ಅದಕ್ಕೆ ತೆತ್ತ ಬೆಲೆಯೂ ಅಲ್ಪವಲ್ಲ: ಹುಟ್ಟಿನ ಮತವೂ ಹುಟ್ಟಿದೂರಿನ ನಂಟೂ ಕಡಿದುಹೋದವು, ಬದುಕಿ ಉಳಿದಿದ್ದ ದೂರದ ಬಂಧುವಿನ ಬಾಗಿಲೂ ಮುಚ್ಚಿತು. ಮತಾಂತರದ ಚರ್ಚೆಯಲ್ಲಿ ಮಗ್ನರಾದ ನಮ್ಮ ಲೇಖಕರು ಈ ಏರ್ಪಾಡಿನ ಲೌಕಿಕ ಸಾರವನ್ನು ಗಮನಿಸದೆ ಹೋದರೆಂದು ನಮಗೆ ತೋರುತ್ತದೆ.

ಕಾನೂನಾದರೋ ಬೇರೊಂದು ಬಗೆಯ ಅನಾಥನನ್ನು ನೆನೆದಿತ್ತು. ಬರಕ್ಕೆ ಒಂದು ವರ್ಷ ಮೊದಲು, 1875ರಲ್ಲಿ, ಬ್ರಿಟಿಷ್ ಇಂಡಿಯಾದಲ್ಲಿ ಹೊರಟ ಪ್ರಾಪ್ತವಯಸ್ಸಿನ ಕಾಯಿದೆಯು ಸಾಮಾನ್ಯರಿಗೆ 18 ವರ್ಷವನ್ನೂ, ನ್ಯಾಯಾಲಯವು ಪೋಷಕನನ್ನು ನೇಮಿಸಿದವರಿಗೆ 21 ವರ್ಷವನ್ನೂ ಗೊತ್ತುಮಾಡಿತು. ಹಾಗೆ ಪೋಷಕನನ್ನು ಪಡೆಯುತ್ತಿದ್ದವರು ಬಹುಮಟ್ಟಿಗೆ ಆಸ್ತಿಯುಳ್ಳವರು. ಜಮೀನುಳ್ಳ ಅನಾಥನಿಗೆ ಮೂರು ವರ್ಷ ಹೆಚ್ಚಿನ ನೆರಳು. ಏನೂ ಇಲ್ಲದವನಿಗೆ ಅದೂ ಇಲ್ಲ. ಈ ಭೇದವು ತೊಡೆದುಹೋದುದು 1999ರ ತಿದ್ದುಪಡಿಯಿಂದ, ಅದೂ ಎಲ್ಲರಿಗೂ 18 ಎಂದು ಮಾಡಿ.

ಇಂದಿನ ಸ್ಥಿತಿಯನ್ನು ಇದರೊಡನೆ ಹೋಲಿಸಬಹುದು. 2015ರ ಬಾಲನ್ಯಾಯ ಕಾಯಿದೆಯು ಮಗುವನ್ನು ಪಾಲನಾ ಕುಟುಂಬದಲ್ಲಿ ಇರಿಸಲು 44ನೆಯ ಕಲಮಿನಲ್ಲಿ ಅವಕಾಶ ಕೊಟ್ಟಿದೆ. 46ನೆಯ ಕಲಮು 18 ತುಂಬಿದವರ ಅನುಪಾಲನೆಯನ್ನು ಹೇಳುತ್ತದೆ. ಆದರೆ ಆ ಕಲಮಿನ ಮಾತುಗಳು ಸಂಸ್ಥೆಯನ್ನು ಬಿಟ್ಟು ಹೊರಡುವವರನ್ನು ಕುರಿತವು. ಅನ್ಯರ ಮನೆಯಲ್ಲಿ ಬೆಳೆದವನನ್ನು ಅವು ಹೆಸರಿಸುವುದಿಲ್ಲ. ಮನೆಯಲ್ಲಿ ಬೆಳೆದವನಿಗೆ ಮನೆಯಿದೆಯೆಂಬ ಊಹೆ ಇದರ ಹಿಂದಿರಬೇಕು. ಪಾಲನೆಯ ಅವಧಿಯು ಮುಗಿದ ಮೇಲೆ ಆ ಮನೆಯ ಮೇಲೆ ಅವನಿಗೆ ಯಾವ ಹಕ್ಕೂ ಇಲ್ಲವೆಂಬುದನ್ನು ಶಾಸನಕಾರರು ಮರೆತಂತಿದೆ. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯು ಅನುಪಾಲನೆಗೆ ತಿಂಗಳಿಗೆ 4,000 ರೂಪಾಯಿಗಳನ್ನು ನಿಗದಿಮಾಡಿದೆ.

ಮರಿಯಾಪುರದಿಂದ ಬೆಂಗಳೂರಿನ ಕಡೆಗೆ ಬಂದರೆ, ಹಿಂದೆ ಉತ್ತರಹಳ್ಳಿ ಹೋಬಳಿಯ ಹಳ್ಳಿಯಾಗಿದ್ದ ಇಟ್ಟಮಡು ಇಂದು ಬಾಡಿಗೆ ಮನೆಗಳ ಬಡಾವಣೆಯಾಗಿದೆ. ಇಂತಹ ಕಡೆ ಕೋಣೆಯನ್ನು ಅರಸಿ ಬಂದ ತರುಣನಿಗೆ ಹಲವು ತಿಂಗಳ ಬಾಡಿಗೆ ಮುಂಗಡವಾಗಿ ಬೇಕು. ಕಾಯಂ ವಿಳಾಸ ಬೇಕು. ತಂದೆಯ ಹೆಸರು ಬೇಕು. ಮುಂಗಡವನ್ನು ಹೇಗೋ ಕೂಡಿಸಬಹುದು. 'ಯಾವ ಊರು, ಯಾರ ಮಗ?' ಎಂದು ಮನೆಯೊಡೆಯನು ಕೇಳಿದಾಗ, ಮರಿಯಾಪುರದ ಮೊದಲ ಒಕ್ಕಲಿಗನಿಗೆ ಹೇಳಲು ಒಂದು ಊರಾದರೂ ಇದ್ದಿತು.