ಬಳ್ಳಾರಿಯ ಆದಿ ಕ್ರೈಸ್ತ ಸಭೆ ಮತ್ತು ಅಬ್ರಹಾಂ ಮೊಕದ್ದಮೆ

1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಬಂದ ದತ್ತ ಮಂಡಲದಲ್ಲಿ ಬಳ್ಳಾರಿಯು ಮುಖ್ಯ ಸೇನಾನೆಲೆಯಾಗಿ ಬೆಳೆಯಿತು. 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದು ನೆಲೆಸಿದನು. ಮುಂದೆ ವಿಲಿಯಂ ರೀವ್ ಆತನನ್ನು ಕೂಡಿಕೊಂಡನು. 1831ರಲ್ಲಿ ಪೂರ್ಣಗೊಂಡ ಕನ್ನಡ ಬೈಬಲ್ ಹಾಗೂ 1832ರ ರೀವನ ನಿಘಂಟುಗಳಿಂದಾಗಿ ಈ ಮಿಷನ್ನಿನ ಹೆಸರು ಕನ್ನಡ ವಿದ್ವಾಂಸರಿಗೆ ಪರಿಚಿತವಾಗಿದೆ. ಆದರೆ ಆ ಬೈಬಲನ್ನು ಓದಿ ನಂಬಿದವನು ಅನಂತರ ಯಾರ ನಡುವೆ ಬಾಳಿದನು ಎಂಬ ಪ್ರಶ್ನೆಗೆ ದೊರೆಯಬೇಕಾದ ಗಮನ ದೊರೆತಿಲ್ಲ.

ಕ್ರೈಸ್ತ ಮತದಲ್ಲಿ ನಂಬಿಕೆಯು ವ್ಯಕ್ತಿಯದಾದರೂ ಅದರ ಆಚರಣೆ ಒಂಟಿಯಾಗಿ ಸಾಗುವಂಥದಲ್ಲ. ದೀಕ್ಷಾಸ್ನಾನವನ್ನು ಇನ್ನೊಬ್ಬರು ಕೊಡಬೇಕು. ಪ್ರಭುಭೋಜನಕ್ಕೆ ಪಂಕ್ತಿ ಬೇಕು. ವಿಶ್ವಾಸಿಗಳನ್ನು ಒಂದೇ ದೇಹದ ಅಂಗಗಳಿಗೆ ಹೋಲಿಸಿದ ಪೌಲನ ಆಶಯವೂ ಇದೇ. ಲಂಡನ್ ಮಿಷನ್ನಿನವರಲ್ಲಿ ಹೆಚ್ಚಿನವರು ಕಾಂಗ್ರಿಗೇಷನಲ್ ಪಂಥದವರಾಗಿದ್ದು, ಅವರ ಪಾಲಿಗೆ ಸಭೆಯೆಂದರೆ ಕಟ್ಟಡವಲ್ಲ, ಪರಸ್ಪರ ಒಪ್ಪಿಗೆಯಿಂದ ಕೂಡಿದ ಜನ.

ಈ ತತ್ತ್ವವು ಬಳ್ಳಾರಿ ಸೀಮೆಯಲ್ಲಿ ಲೌಕಿಕ ಅಗತ್ಯವೂ ಆಯಿತು. ತುಂಗಭದ್ರೆಯ ತೀರದ ಸಿರುಗುಪ್ಪ, ದೊಡ್ಡಬಸವೇಶ್ವರನ ಕುರುಗೋಡು ಮೊದಲಾದ ಊರುಗಳಲ್ಲಿ ಕೇರಿ, ಬಾವಿ, ಜಾತ್ರೆ, ಕೊಡುಕೊಳ್ಳುವಿಕೆಗಳೆಲ್ಲ ಕುಲದೊಡನೆ ಹೆಣೆದುಕೊಂಡಿದ್ದವು. ಮತ ಬಿಟ್ಟವನು ಮನೆಯನ್ನೂ ಬಿಡಬೇಕಾದಾಗ ಹೆಣ್ಣು ಕೊಡುವವರಾರು, ಹೆಣಕ್ಕೆ ಹೆಗಲು ಕೊಡುವವರಾರು? 1850ರ ಕಾಯಿದೆಯು ಮತಾಂತರದಿಂದ ಪಿತ್ರಾರ್ಜಿತದ ಹಕ್ಕು ತಪ್ಪಬಾರದೆಂದು ವಿಧಿಸಿತು. ಆದರೆ ನೆಂಟರನ್ನು ಯಾವ ಕಾಯಿದೆಯೂ ಕೊಡಲಾರದು. ಆ ಕೊರತೆಯನ್ನು ತುಂಬಬೇಕಾದದ್ದು ಸಭೆ.

ದಂಡಿನ ಪಟ್ಟಣವಾದ ಬಳ್ಳಾರಿಯಲ್ಲಿ ಕನ್ನಡ, ತೆಲುಗುಗಳ ಜೊತೆಗೆ ತಮಿಳರೂ ಸೇರಿದ್ದರು. ಹಿಂದೂವಾಗಿ ಹುಟ್ಟಿ ಕ್ರೈಸ್ತನಾದ ಸ್ಯಾಮ್ಯುಯೆಲ್ ಫ್ಲಾವೆಲ್ ಅಲ್ಲಿನ ತಮಿಳು ಸಭೆಯ ಪಾಲಕನಾಗಿ 1847ರಲ್ಲಿ ತೀರಿಕೊಳ್ಳುವವರೆಗೆ ಸೇವೆ ಸಲ್ಲಿಸಿದನು. ದೇಶೀಯ ಪಾಲಕನೊಬ್ಬನ ಈ ನಿಡುಗಾಲದ ಸೇವೆಯು ಮಿಷನರಿಗಳ ಕೀರ್ತಿಯ ನೆರಳಿನಲ್ಲಿ ಮಸುಕಾಗಿರುವುದು ವಿಷಾದನೀಯ.

ಸೇರುವಿಕೆಯ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿದ್ದೂ ಬಳ್ಳಾರಿಯಿಂದಲೇ. ಮ್ಯಾಥ್ಯೂ ಅಬ್ರಹಾಮನ ಪೂರ್ವಿಕರು ಪರೆಯ ಜಾತಿಯ ತಮಿಳರು. ಕ್ಯಾಥೊಲಿಕ್ ಮನೆತನದಲ್ಲಿ ಹುಟ್ಟಿದ ಆತನು ಬಳಿಕ ಪ್ರಾಟೆಸ್ಟಂಟನಾದನು. 1820ರಲ್ಲಿ, ಆ ಕಾಲದಲ್ಲಿ ಈಸ್ಟ್ ಇಂಡಿಯನ್ ಎನಿಸಿಕೊಂಡಿದ್ದ ಮಿಶ್ರವಂಶದ ಷಾರ್ಲೆಟ್ ಫಾಕ್ಸಳನ್ನು ಮದುವೆಯಾಗಿ, ಮದ್ಯ ತಯಾರಿಕೆ ಹಾಗೂ ಅಬಕಾರಿ ಗುತ್ತಿಗೆಯಲ್ಲಿ ಸಂಪತ್ತು ಗಳಿಸಿ, 1842ರಲ್ಲಿ ಉಯಿಲಿಲ್ಲದೆ ಮರಣ ಹೊಂದಿದನು. ಆಸ್ತಿಗಾಗಿ ವಿಧವೆಗೂ ಮೈದುನ ಫ್ರಾನ್ಸಿಸನಿಗೂ ವ್ಯಾಜ್ಯ ಹುಟ್ಟಿತು. ತಾವು ಹಿಂದೂ ನ್ಯಾಯದಂತೆ ಅವಿಭಕ್ತ ಕುಟುಂಬದವರು ಎಂಬುದು ಫ್ರಾನ್ಸಿಸನ ವಾದ. ಇಬ್ಬರೂ ಕ್ರೈಸ್ತರೇ, ಆದರೂ ಕ್ರೈಸ್ತನಾದವನು ಯಾರವನು ಎಂಬುದೇ ಬಿಕ್ಕಟ್ಟಾಯಿತು!

ಬಳ್ಳಾರಿಯಿಂದ ಮದರಾಸಿನ ಸದರ್ ಅದಾಲತ್ತಿಗೂ ಅಲ್ಲಿಂದ ಲಂಡನ್ನಿನ ಪ್ರಿವಿ ಕೌನ್ಸಿಲಿಗೂ ಹೋದ ಈ ಮೊಕದ್ದಮೆ 1863ರಲ್ಲಿ ತೀರ್ಮಾನವಾಯಿತು. ಮತಾಂತರದಿಂದ ಹಿಂದೂ ನ್ಯಾಯದ ಕಟ್ಟು ಸಡಿಲುತ್ತದೆ. ಹಳೆಯ ಪದ್ಧತಿಯನ್ನು ಉಳಿಸಿಕೊಳ್ಳುವುದೂ ಬಿಡುವುದೂ ಮತಾಂತರಗೊಂಡವನ ಇಚ್ಛೆ. ಆತನು ಯಾವ ವರ್ಗದೊಡನೆ ಬೆರೆತು ಬಾಳಿದನೋ ಆ ವರ್ಗದ ರೂಢಿಯೇ ಆತನ ಇಚ್ಛೆಗೆ ಸಾಕ್ಷಿ ಎಂಬುದು ತೀರ್ಪಿನ ಸಾರ. ಅಬ್ರಹಾಂ ಕುಟುಂಬಕ್ಕೆ ಅವಿಭಕ್ತ ಕುಟುಂಬದ ನಿಯಮ ಸಲ್ಲದೆಂದಾಯಿತು.

ಹುಟ್ಟಿನ ಬದಲು ಒಡನಾಟವನ್ನು ನ್ಯಾಯಾಧೀಶರು ಅಳತೆಗೋಲಾಗಿ ಹಿಡಿದುದು ಇಲ್ಲಿ ಗಮನಾರ್ಹ. ಆದರೆ ಅವರು ನೋಡಿದ್ದು ಉಡುಗೆ, ಊಟ, ನೆಂಟಸ್ತಿಕೆಗಳನ್ನು. ಒಂದೇ ಪ್ರಭುವಿನ ಪಂಕ್ತಿಯಲ್ಲಿ ಪರೆಯನೂ ಈಸ್ಟ್ ಇಂಡಿಯನ್ನನೂ ಸಮಾನರೆಂಬ ಸಭೆಯ ಬೋಧೆ ಅವರ ವಿಚಾರಕ್ಕೆ ಒಳಪಟ್ಟುದಲ್ಲ. 1865ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ಮುಂದಿನ ವರ್ಷ ಜಾರಿಗೆ ಬಂದ ಮೇಲೆ ದೇಶೀಯ ಕ್ರೈಸ್ತರ ವಾರಸುದಾರಿಕೆಗೆ ಪ್ರತ್ಯೇಕ ನಿಯಮ ದೊರೆಯಿತು.