ಕಾಫಿ ಕಾಸು, ಭಕ್ಷೀಸು ಮತ್ತು ಫೋನಿನ ಗುಂಡಿ

ರಾತ್ರಿ ಒಂಬತ್ತೂವರೆ. ಬೆಂಗಳೂರಿನಲ್ಲಿ ಜಡಿಮಳೆ. ಬಾಗಿಲಲ್ಲಿ ನಿಂತ ಹುಡುಗನ ರೇನ್‌ಕೋಟಿನಿಂದ ನೀರು ತೊಟ್ಟಿಕ್ಕುತ್ತಿದೆ. ಅವನ ಕೈಯಲ್ಲಿರುವ ಬಿಸಿಬೇಳೆಬಾತಿನ ಪೊಟ್ಟಣ ಮಾತ್ರ ಒಂದು ಹನಿಯೂ ನೆನೆದಿಲ್ಲ. 'ಸರ್, ರೇಟಿಂಗ್ ಕೊಡಿ' ಎಂದಷ್ಟೇ ಹೇಳಿ ಅವನು ಮೆಟ್ಟಿಲಿಳಿಯುತ್ತಾನೆ. ಊಟದ ಹಣ ಫೋನಿನಲ್ಲೇ ಸಂದಾಯವಾಗಿದೆ, ತಂದುಕೊಡುವ ಶುಲ್ಕವೂ ಅದರಲ್ಲೇ ಸೇರಿದೆ. ಆದರೂ ಬಾಗಿಲು ಹಾಕಿಕೊಂಡವರ ಮನಸ್ಸಿನಲ್ಲಿ ಒಂದು ಲೆಕ್ಕ ಬಾಕಿ ಉಳಿಯುತ್ತದೆ. ಅವನಿಗೆ ಏನಾದರೂ ಕೊಡಬೇಕಿತ್ತೇ? ಕೊಟ್ಟರೆ ಎಷ್ಟು? ಕೊಡದಿದ್ದರೆ ಅದು ಅನ್ಯಾಯವೇ, ಬರೀ ಜಿಪುಣತನವೇ?

ಪ್ರಶ್ನೆ ಮೊಬೈಲು ಫೋನಿನಷ್ಟು ಹೊಸದಲ್ಲ. ಕನಿಷ್ಠ ಮುನ್ನೂರು ವರ್ಷಗಳಿಂದ ಜನ ಇದೇ ವಿಷಯಕ್ಕೆ ಜಗಳವಾಡಿದ್ದಾರೆ, ಕಾನೂನು ಮಾಡಿದ್ದಾರೆ, ಮಾಡಿದ ಕಾನೂನನ್ನು ಕಿತ್ತೂ ಹಾಕಿದ್ದಾರೆ.

ಮೊದಲು ಪದಗಳನ್ನೇ ನೋಡೋಣ. ನಾವು ಕನ್ನಡದಲ್ಲಿ ಬಳಸುವ 'ಭಕ್ಷೀಸು' ಪಾರ್ಸಿ ಭಾಷೆಯಿಂದ ಬಂದದ್ದು. ಕೊಡುವುದು, ದಯಪಾಲಿಸುವುದು ಎಂಬ ಅರ್ಥದ ಕ್ರಿಯಾಪದ ಅದರ ಮೂಲ. ಮೊಗಲರ ಸೈನ್ಯದ ನೇಮಕ ಮತ್ತು ಸಂಬಳದ ವ್ಯವಹಾರ ನೋಡಿಕೊಳ್ಳುತ್ತಿದ್ದ ದೊಡ್ಡ ಅಧಿಕಾರಿಗೆ 'ಮೀರ್ ಬಕ್ಷಿ' ಎಂಬ ಹೆಸರಿತ್ತು. ಆ 'ಬಕ್ಷಿ'ಯೂ ಈ ಭಕ್ಷೀಸೂ ಕಿವಿಗೆ ನೆಂಟರಂತೆ ಕೇಳಿಸುತ್ತವೆ. ಸಂಬಳ ಎಲ್ಲಿ ಮುಗಿಯುತ್ತದೆ, ಕೃಪೆ ಎಲ್ಲಿ ಶುರುವಾಗುತ್ತದೆ ಎಂಬ ಗೊಂದಲ ಈ ಪದಗಳ ಸುತ್ತಲೇ ಇದೆ ಎನ್ನಬಹುದು. ಫ್ರೆಂಚರು ಇದಕ್ಕೆ 'ಕುಡಿಯಲಿಕ್ಕೆ' ಎಂಬರ್ಥದ ಪದ ಬಳಸುತ್ತಾರೆ, ಜರ್ಮನ್ನರು 'ಕುಡಿಯುವ ಹಣ' ಎನ್ನುತ್ತಾರೆ. ನಮ್ಮಲ್ಲಿ 'ಕಾಫಿಗೆ ಏನಾದ್ರೂ ಕೊಡಿ ಸ್ವಾಮಿ' ಎನ್ನುವುದಿಲ್ಲವೇ? ಪೇಯ ಬೇರೆ, ಮಾತು ಒಂದೇ.

ಇಂಗ್ಲಿಷಿನ 'ಟಿಪ್' ಬಗ್ಗೆ ಒಂದು ಕಟ್ಟುಕಥೆ ಬಹಳ ಪ್ರಚಾರದಲ್ಲಿದೆ. ಲಂಡನ್ನಿನ ಹಳೆಯ ಕಾಫಿಮನೆಗಳಲ್ಲಿ ಒಂದು ಡಬ್ಬಿ ಇಟ್ಟಿರುತ್ತಿದ್ದರಂತೆ; ಕೆಲಸ ಬೇಗ ಆಗಬೇಕೆನ್ನುವವರು ಅದರಲ್ಲಿ ಮೊದಲೇ ಕಾಸು ಹಾಕುತ್ತಿದ್ದರಂತೆ; 'ತ್ವರಿತ ಸೇವೆಗಾಗಿ' ಎಂದು ಡಬ್ಬಿಯ ಮೇಲೆ ಬರೆದಿದ್ದ ಮಾತಿನ ಮೊದಲಕ್ಷರಗಳೇ ಟಿಪ್ ಆಯಿತಂತೆ. ಭಾಷಾತಜ್ಞರು ಇದನ್ನು ಒಪ್ಪುವುದಿಲ್ಲ. ಹದಿನೇಳನೆಯ ಶತಮಾನದ ಕಳ್ಳಕಾಕರ ಗುಪ್ತಭಾಷೆಯಲ್ಲಿ ಅದಕ್ಕೆ 'ಕೊಡು, ದಾಟಿಸು' ಎಂಬ ಅರ್ಥವಿತ್ತು. ಡಬ್ಬಿಯ ಕಥೆ ನೆನಪಿರಲಿ, ಅದಕ್ಕೆ ಮುಂದೆ ಕೆಲಸವಿದೆ.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಶ್ರೀಮಂತರ ಮನೆಗೆ ಊಟಕ್ಕೆ ಹೋಗುವುದೆಂದರೆ ಜೇಬು ಹಗುರಾಗುವ ಕೆಲಸವಾಗಿತ್ತು. ಹೊರಡುವ ಹೊತ್ತಿಗೆ ಸೇವಕರು ಬಾಗಿಲ ಬಳಿ ಸಾಲಾಗಿ ನಿಲ್ಲುತ್ತಿದ್ದರು. ಟೋಪಿ ಕೊಟ್ಟವನಿಗೆ, ಕೋಟು ಹಿಡಿದವನಿಗೆ, ಬಡಿಸಿದವನಿಗೆ, ಎಲ್ಲರಿಗೂ ಕೈಗೆ ಹಾಕಬೇಕು. ಇದಕ್ಕೆ 'ವೇಲ್' ಎಂಬ ಹೆಸರು. ಲಂಡನ್ನಿನಲ್ಲಿ ಕೊಡೆ ಹಿಡಿದು ಓಡಾಡಿದ ಮೊದಲ ಗಂಡಸು ಎಂದು ಹೆಸರಾದ ಜೋನಾಸ್ ಹ್ಯಾನ್‌ವೇ ಈ ವಾಡಿಕೆಯ ವಿರುದ್ಧ ಬರೆದ. 1760ರ ಸುಮಾರಿಗೆ ಸ್ಕಾಟ್ಲೆಂಡಿನ ಗೃಹಸ್ಥರು ವೇಲ್ ಕೊಡುವುದಿಲ್ಲವೆಂದು ತೀರ್ಮಾನ ಮಾಡಿದರು. ಲಂಡನ್ನಿಗೂ ಅದು ಹರಡಿದಾಗ, 1764ರಲ್ಲಿ, ರಾನೆಲಾ ಉದ್ಯಾನದಲ್ಲಿ ಸೇವಕರು ದೊಂಬಿ ಎಬ್ಬಿಸಿದರು. ಸೇವಕರದೇ ತಪ್ಪು ಎನ್ನುವಂತಿಲ್ಲ. ಅತಿಥಿಗಳು ಹೇಗೂ ಕೊಡುತ್ತಾರೆಂಬ ಧೈರ್ಯದಲ್ಲಿ ಸಂಬಳ ಕಡಿಮೆ ಇಟ್ಟಿದ್ದವನು ಮನೆಯ ಯಜಮಾನ. ಗೌರವ ಅವನಿಗೆ, ಖರ್ಚು ಅತಿಥಿಗೆ.

ಈ ಯಜಮಾನನ ಲೆಕ್ಕವನ್ನು ದೊಡ್ಡ ಉದ್ಯಮವಾಗಿ ಮಾಡಿ ತೋರಿಸಿದ್ದು ಅಮೆರಿಕ. ಅಲ್ಲಿನ ಅಂತರ್ಯುದ್ಧ 1865ರಲ್ಲಿ ಮುಗಿದು ಗುಲಾಮಗಿರಿ ರದ್ದಾಯಿತು. ಬಿಡುಗಡೆಯಾದ ಲಕ್ಷಾಂತರ ಕಪ್ಪು ಜನರಿಗೆ ಭೂಮಿಯಿಲ್ಲ, ಕೆಲಸವಿಲ್ಲ. ಜಾರ್ಜ್ ಪುಲ್‌ಮನ್ ಎಂಬ ಉದ್ಯಮಿ ಆಗ ರೈಲಿನಲ್ಲಿ ಮಲಗುವ ಬೋಗಿಗಳ ವ್ಯಾಪಾರ ಶುರುಮಾಡಿದ್ದ. ಹಾಸಿಗೆ ಹಾಸಲು, ಬೂಟು ಒರೆಸಲು, ರಾತ್ರಿಯಿಡೀ ಎಚ್ಚರವಿದ್ದು ಕರೆದಾಗ ಓಡಿಬರಲು ಅವನು ಈ ಬಿಡುಗಡೆಯಾದ ಗುಲಾಮರನ್ನೇ ಹುಡುಕಿ ಸೇರಿಸಿಕೊಂಡ. ಪ್ರಯಾಣಿಕರು ಅವರೆಲ್ಲರನ್ನೂ 'ಜಾರ್ಜ್' ಎಂದೇ ಕೂಗುತ್ತಿದ್ದರು. ಗುಲಾಮನನ್ನು ಒಡೆಯನ ಹೆಸರಿನಿಂದ ಕರೆಯುವ ಹಳೆಯ ಪದ್ಧತಿ ರೈಲು ಹತ್ತಿತ್ತು, ಅಷ್ಟೆ. ಸಂಬಳ ಅತ್ಯಲ್ಪ, ಬದುಕು ನಡೆಯುತ್ತಿದ್ದುದು ಟಿಪ್ಸ್ ಮೇಲೆ.

1915ರಲ್ಲಿ ಅಮೆರಿಕದ ಕೈಗಾರಿಕಾ ಸಂಬಂಧಗಳ ಆಯೋಗವೊಂದು ಈ ಕಂಪನಿಯ ವಿಚಾರಣೆ ನಡೆಸಿತು. ಪೋರ್ಟರುಗಳ ಸಂಬಳ ತಿಂಗಳಿಗೆ ಇಪ್ಪತ್ತೇಳೂವರೆ ಡಾಲರ್ ಎಂಬುದೂ, ಟಿಪ್ಸ್ ಇರುವುದರಿಂದಲೇ ಕಂಪನಿಗೆ ಅಷ್ಟರಲ್ಲಿ ಜನ ಸಿಗುತ್ತಾರೆಂಬುದೂ ಅಲ್ಲಿ ಹೊರಬಿತ್ತು. ಕಂಪನಿಯ ಪರವಾಗಿ ಸಾಕ್ಷಿ ಹೇಳಿದವರು ಯಾರು ಗೊತ್ತೇ? ರಾಬರ್ಟ್ ಲಿಂಕನ್. ಗುಲಾಮರ ವಿಮೋಚನೆಯ ಘೋಷಣೆ ಹೊರಡಿಸಿದ ಅಬ್ರಹಾಂ ಲಿಂಕನ್ನರ ಮಗ! ಪೋರ್ಟರುಗಳು 1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ಅವರ ನಾಯಕತ್ವದಲ್ಲಿ ಸಂಘ ಕಟ್ಟಿಕೊಂಡರು. ಟಿಪ್ಸ್ ನೆಚ್ಚಿಕೊಳ್ಳದೆ ಬದುಕಲು ಸಾಕಾಗುವಷ್ಟು ಸಂಬಳ ಬೇಕೆಂಬುದು ಅವರ ಬೇಡಿಕೆ. ಕಂಪನಿ ಅವರೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದ್ದು 1937ರಲ್ಲಿ, ಹನ್ನೆರಡು ವರ್ಷಗಳ ಮೇಲೆ.

ಈ ನಡುವೆ ಟಿಪ್ಸನ್ನೇ ನಿಷೇಧಿಸುವ ಪ್ರಯತ್ನವೂ ನಡೆಯಿತು. 1909ರಲ್ಲಿ ವಾಷಿಂಗ್ಟನ್ ರಾಜ್ಯ ಕಾನೂನು ಮಾಡಿತು, ಇನ್ನೂ ಕೆಲವು ರಾಜ್ಯಗಳು ಹಿಂಬಾಲಿಸಿದವು. 1926ರ ಹೊತ್ತಿಗೆ ಒಂದೂ ಉಳಿಯಲಿಲ್ಲ. ಮುಂದೆ 1966ರಲ್ಲಿ ಸಂಸತ್ತು ವ್ಯವಹಾರವನ್ನು ಬರವಣಿಗೆಗೇ ಇಳಿಸಿತು. ಟಿಪ್ಸ್ ಬರುವ ನೌಕರನಿಗೆ ಕನಿಷ್ಠ ಕೂಲಿಯ ಒಂದು ಭಾಗವನ್ನು ಗಿರಾಕಿಯ ಟಿಪ್ಸಿನಿಂದಲೇ ಹೊಂದಿಸಿಕೊಳ್ಳಬಹುದೆಂದು ಮಾಲೀಕನಿಗೆ ಅನುಮತಿ ಸಿಕ್ಕಿತು. ಅಂಥ ನೌಕರನಿಗೆ ಮಾಲೀಕ ಕೊಡಲೇಬೇಕಾದ ಕೇಂದ್ರದ ದರ ಗಂಟೆಗೆ 2.13 ಡಾಲರ್. ಈ ಮೊತ್ತ 1991ರಿಂದ ಬದಲಾಗಿಲ್ಲ. ಕೆಲವು ರಾಜ್ಯಗಳು ತಾವಾಗಿ ಹೆಚ್ಚು ಕೊಡಿಸುತ್ತವೆ, ಆ ಮಾತು ಬೇರೆ. ಅಮೆರಿಕಕ್ಕೆ ಹೋದ ನಮ್ಮವರು ಹೋಟೆಲಿನಲ್ಲಿ ಬಿಲ್ಲಿನ ಮೇಲೆ ನೂರಕ್ಕೆ ಇಪ್ಪತ್ತು ಸೇರಿಸಿ ಕೊಡುವಾಗ ಗೊಣಗಿಕೊಳ್ಳುವುದುಂಟು. ಅವರು ಕೊಡುತ್ತಿರುವುದು ಕಾಣಿಕೆಯನ್ನಲ್ಲ, ಸಂಬಳವನ್ನು.

ನಮ್ಮ ಹಳ್ಳಿಗಳ ಲೆಕ್ಕ ಬೇರೆಯಾಗಿತ್ತು. ಕಮ್ಮಾರ, ಬಡಗಿ, ಅಗಸ, ಕ್ಷೌರಿಕ, ನೀರಗಂಟಿ, ತಳವಾರ ಮುಂತಾದ ಆಯಗಾರರಿಗೆ ಸುಗ್ಗಿಯಲ್ಲಿ ಕಣದಿಂದಲೇ ಧಾನ್ಯದ ಪಾಲು ಹೋಗುತ್ತಿತ್ತು. ಅದು 'ಆಯ'. ಕೊಡುವವನು ಖುಷಿಯಾಗಿದ್ದರೆ ಮಾತ್ರ ಎಂಬ ಷರತ್ತು ಅದಕ್ಕಿರಲಿಲ್ಲ, ಅದು ಅವರ ಹಕ್ಕಿನ ಪಾಲು. 'ಇನಾಮು' ಹಾಗಲ್ಲ, ಅದು ಒಡೆಯನ ಮರ್ಜಿ. ಆಯಗಾರಿಕೆಯಲ್ಲಿ ಜಾತಿಯ ಸಂಕೋಲೆ ಇತ್ತು, ಹುಟ್ಟಿದ ಕಸುಬು ಬಿಟ್ಟು ಹೋಗುವಂತಿರಲಿಲ್ಲ. ಅದನ್ನು ಹೊಗಳಿ ಪ್ರಯೋಜನವಿಲ್ಲ. ಆದರೆ ಆಯಕ್ಕೂ ಇನಾಮಿಗೂ ಇರುವ ವ್ಯತ್ಯಾಸ ಹಳ್ಳಿಗರಿಗೆ ಚೆನ್ನಾಗಿ ಗೊತ್ತಿತ್ತು.

ಪಟ್ಟಣಕ್ಕೆ ಬಂದ ಮೇಲೆ ಆಯ ಹೋಯಿತು, ಇನಾಮು ಉಳಿಯಿತು. ಹಬ್ಬಕ್ಕೆ ಅಂಚೆಯವನಿಗೆ, ಮನಿಯಾರ್ಡರು ತಂದ ದಿನ ಒಂದಿಷ್ಟು, ಹೋಟೆಲಿನಲ್ಲಿ ಸೋಂಪಿನ ತಟ್ಟೆಯಲ್ಲಿ ಮಾಣಿಗೆ ಬಿಟ್ಟ ಚಿಲ್ಲರೆ. 1980ರ ದಶಕದಲ್ಲಿ ಬೆಂಗಳೂರಿಗೆ ದರ್ಶಿನಿಗಳು ಬಂದವು. ಚೀಟಿ ಕೊಂಡು, ತಟ್ಟೆ ತಾನೇ ಹಿಡಿದು, ನಿಂತು ತಿನ್ನುವ ಜಾಗದಲ್ಲಿ ಮಾಣಿಯೂ ಇಲ್ಲ, ಟಿಪ್ಸೂ ಇಲ್ಲ. ಅಡುಗೆ ಅನಿಲದ ಸಿಲಿಂಡರು ತರುವವನದು ಮಾತ್ರ ವಿಚಿತ್ರ ಪ್ರಸಂಗ. ಮನೆಗೆ ತಲುಪಿಸುವ ಖರ್ಚು ಬಿಲ್ಲಿನಲ್ಲೇ ಇರುತ್ತದೆ, ಆದರೂ ಮೇಲೆ ಕೊಡುವುದು 'ಮಾಮೂಲು'. ವಾಡಿಕೆ ಎಂಬ ಸಭ್ಯ ಅರ್ಥದ ಅರಬ್ಬೀ ಪದ ನಮ್ಮ ಕಚೇರಿಗಳಲ್ಲಿ ಲಂಚದ ಹೆಸರಾದದ್ದು ಎಲ್ಲರಿಗೂ ಗೊತ್ತೇ ಇದೆ.

ಇನ್ನು ಫೋನಿನ ಕಾಲ. ಸ್ವಿಗ್ಗಿ ಹುಟ್ಟಿದ್ದು 2014ರಲ್ಲಿ, ಬೆಂಗಳೂರಿನಲ್ಲೇ. ಮನೆಗೆ ಊಟ ತರಿಸುವುದು ಮಾಮೂಲಾದಂತೆ ತೆರೆಯ ಮೇಲೆ ಟಿಪ್ಸಿನ ಗುಂಡಿಗಳೂ ಬಂದವು. ಈ ಗುಂಡಿಯ ಹಿಂದೆ ಏನು ನಡೆಯಬಹುದು ಎಂಬುದನ್ನು ಅಮೆರಿಕದ ಎರಡು ಪ್ರಕರಣಗಳು ತೋರಿಸಿವೆ. ಅಲ್ಲಿನ ಡೋರ್‌ಡ್ಯಾಶ್ ಕಂಪನಿ ಪ್ರತಿ ಆರ್ಡರಿಗೆ ಇಂತಿಷ್ಟು ಖಾತರಿ ಎಂದು ಹೇಳಿ, ಗಿರಾಕಿ ಟಿಪ್ಸ್ ಕೊಟ್ಟಾಗ ಅದನ್ನೇ ಆ ಖಾತರಿಗೆ ಜಮಾ ಮಾಡಿ ತನ್ನ ಪಾಲು ಇಳಿಸಿಕೊಳ್ಳುತ್ತಿತ್ತು. 2019ರಲ್ಲಿ ಗದ್ದಲವೆದ್ದು ಪದ್ಧತಿ ಬದಲಾಯಿತು. ಈ ಬಗ್ಗೆ ನ್ಯೂಯಾರ್ಕ್ ರಾಜ್ಯದೊಂದಿಗೆ ಅದು 2025ರಲ್ಲಿ ಮಾಡಿಕೊಂಡ ರಾಜಿಯ ಮೊತ್ತ 1 ಕೋಟಿ 67 ಲಕ್ಷದ 50 ಸಾವಿರ ಡಾಲರ್. ಚಾಲಕರ ಟಿಪ್ಸ್ ತಡೆಹಿಡಿದ ಇಂಥದೇ ಆರೋಪದಲ್ಲಿ ಅಮೆಜಾನ್ 2021ರಲ್ಲಿ 6 ಕೋಟಿ 17 ಲಕ್ಷ ಡಾಲರ್ ತೆರಲು ಒಪ್ಪಿತು. ಯಜಮಾನನ ಹಳೆಯ ಲೆಕ್ಕ ಗಣಕಯಂತ್ರಕ್ಕೆ ಹತ್ತಿತ್ತು. ಬ್ರಿಟನ್ ಇದಕ್ಕೆ ಬೇರೆ ದಾರಿ ಹಿಡಿದಿದೆ. ನೌಕರರಿಗೆ ಬಂದ ಟಿಪ್ಸ್ ಪೂರ್ತಿ ಅವರಿಗೇ ಸೇರಬೇಕೆಂಬ ಕಾನೂನು ಅಲ್ಲಿ 2024ರ ಅಕ್ಟೋಬರಿನಲ್ಲಿ ಜಾರಿಗೆ ಬಂತು.

ಕಾಫಿಮನೆಯ ಡಬ್ಬಿಯನ್ನು ಈಗ ನೆನೆಯಬೇಕು. ಸುಳ್ಳೆಂದು ತಜ್ಞರು ತಳ್ಳಿಹಾಕಿದ ಆ ಕಥೆ ನಮ್ಮ ಬಾಡಿಗೆ ಕಾರುಗಳ ಆ್ಯಪಿನಲ್ಲಿ ನಿಜವಾಯಿತು. ಗಾಡಿ ಬೇಗ ಬೇಕೇ, ಮುಂಗಡ ಟಿಪ್ಸ್ ಸೇರಿಸಿ! 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಈ ಬಗ್ಗೆ ಊಬರ್ ಕಂಪನಿಗೆ ನೋಟಿಸು ಕೊಟ್ಟಿತು. ಗ್ರಾಹಕ ವ್ಯವಹಾರಗಳ ಸಚಿವರಾದ ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಇದನ್ನು ಅನೈತಿಕವೆಂದರು. ಸೇವೆ ಮುಗಿದ ಮೇಲೆ ಮೆಚ್ಚಿ ಕೊಡುವುದು ಟಿಪ್ಸ್ ಎಂಬುದು ಅವರ ವಾದ.

ಹಾಗಾದರೆ ನಮ್ಮಲ್ಲಿ ಊಟ ತರುವವರಿಗೆ ನಿಜವಾಗಿ ಎಷ್ಟು ಟಿಪ್ಸ್ ಸಿಗುತ್ತದೆ? 2025ರ ಡಿಸೆಂಬರ್ ಕೊನೆಯಲ್ಲಿ ಡೆಲಿವರಿ ನೌಕರರ ಮುಷ್ಕರ ನಡೆದಾಗ ಜೊಮ್ಯಾಟೊ ಸಂಸ್ಥಾಪಕ ದೀಪಿಂದರ್ ಗೋಯಲ್ ಕೆಲವು ಅಂಕಿಗಳನ್ನು ಹೊರಗಿಟ್ಟರು. ಅವರ ಪ್ರಕಾರ ಆ ವರ್ಷ ನೌಕರನ ಸರಾಸರಿ ಗಳಿಕೆ ಗಂಟೆಗೆ 102 ರೂಪಾಯಿ, ಪೆಟ್ರೋಲಿನ ಖರ್ಚೂ ಇದರಲ್ಲೇ. ಟಿಪ್ಸ್ ಗಂಟೆಗೆ 2 ರೂಪಾಯಿ 60 ಪೈಸೆ. ಟಿಪ್ಸ್ ಬರುವುದು ನೂರಕ್ಕೆ ಐದು ಆರ್ಡರುಗಳಿಗೆ ಮಾತ್ರ. ಅಂದರೆ ಅಮೆರಿಕದ ಗುಂಡಿ ಬಂದಿದೆ, ಅಲ್ಲಿನ ರೂಢಿ ಬಂದಿಲ್ಲ. ಈ ವರದಿಗಾರನಿಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ನೂರಕ್ಕೆ ಐದು ಇದ್ದದ್ದು ಐವತ್ತಾದರೆ, ಮೂಲ ದರ ಇಳಿಸಲು ಅದೇ ನೆಪವಾದೀತು ಎಂಬ ಭಯ ಪುಲ್‌ಮನ್ ಕಥೆ ಓದಿದವರಿಗೆ ಬಾರದಿರದು. ಕರ್ನಾಟಕ 2025ರಲ್ಲಿ ಮಾಡಿದ ಗಿಗ್ ಕಾರ್ಮಿಕರ ಕಾಯ್ದೆ ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಹಣದ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಯಿಂದ ವಸೂಲು ಮಾಡುತ್ತದೆ. ಅದು ಆಯದ ದಾರಿ, ಇನಾಮಿನದಲ್ಲ.

ಹಾಗೆಂದು ಮಳೆಯಲ್ಲಿ ನೆನೆದು ಬಂದವನಿಗೆ ಕೈಯೆತ್ತಿ ಕೊಡಬಾರದೆಂದಲ್ಲ. ಕೊಡುವುದಾದರೆ ಊಟ ಕೈಸೇರಿದ ಮೇಲೆ, ಕೈಗೇ ಕೊಡುವುದು ಒಳ್ಳೆಯದು. ಅದರಲ್ಲಿ ಯಾರ ಲೆಕ್ಕವೂ ನಡುವೆ ಬರುವುದಿಲ್ಲ. ಬಿಲ್ಲಿನ ಶೇಕಡಾವಾರು ಹಾಕುವುದು ಹೋಟೆಲಿನ ಕ್ರಮ, ಇಲ್ಲಿಗೆ ಹೊಂದದು. ದೋಸೆಯ ಪೊಟ್ಟಣಕ್ಕಾಗಲಿ ದೊಡ್ಡ ಬಿರಿಯಾನಿಗಾಗಲಿ ಅವನು ತುಳಿಯುವ ರಸ್ತೆ ಅಷ್ಟೇ. ದೂರ, ಹೊತ್ತು, ಮಳೆ, ಮಹಡಿ ನೋಡಿ ಕೊಡಬೇಕು. ಅಡುಗೆಗೆ ಉಪ್ಪು ಹೆಚ್ಚಾದ ಸಿಟ್ಟನ್ನು ಅವನ ರೇಟಿಂಗಿನ ಮೇಲೆ ತೀರಿಸಿಕೊಳ್ಳಬಾರದು.

ಲೇಖನ ಬರೆಯುವ ಮುನ್ನ ಅಂಥ ಒಬ್ಬ ಹುಡುಗನನ್ನು ನಿಲ್ಲಿಸಿ ಇಪ್ಪತ್ತು ರೂಪಾಯಿ ಹಿಡಿದು, ಏನು ಕೊಟ್ಟರೆ ಸರಿ ಎಂದು ಕೇಳಿದೆ. ನೋಟು ಜೇಬಿಗೆ ಸೇರಿಸಿ ನಕ್ಕ. 'ಕೊಟ್ಟರೆ ಬೇಡ ಅನ್ನಲ್ಲ ಸಾರ್. ಆದ್ರೆ ಲಿಫ್ಟ್ ಹತ್ತೋಕೆ ನಮ್ಮನ್ನ ಬಿಡಲ್ಲ, ಇಲ್ಲಿ ನಾಲ್ಕು ಮಹಡಿ. ನೀವೇ ಗೇಟಿಗೆ ಬಂದ್ರೆ ಹತ್ತು ನಿಮಿಷ ಉಳಿಯುತ್ತೆ, ಅಷ್ಟರಲ್ಲಿ ಇನ್ನೊಂದು ಆರ್ಡರ್ ಹಿಡೀತೀನಿ' ಎಂದು ಗಾಡಿ ಶುರುಮಾಡಿದ.