ಖಂಡಣಿಯ ಕಾಲದ ಮೌನ

2001ರ ಮೇ 4ರಂದು ಮುಂಬೈಯ ಗಾಮ್‌ದೇವಿಯ ಗೋಲ್ಡನ್ ಕ್ರೌನ್ ಹೋಟೆಲಿನೊಳಗೇ ಅದರ ಮಾಲೀಕ ಜಯಾ ಶೆಟ್ಟಿಯವರನ್ನು ಗುಂಡಿಟ್ಟು ಕೊಂದರು. ಛೋಟಾ ರಾಜನ್ ಗ್ಯಾಂಗಿನಿಂದ ಅವರಿಗೆ ಖಂಡಣಿಯ, ಅಂದರೆ ಬೆದರಿಸಿ ಹಣ ಕೀಳುವ, ಕರೆಗಳು ಬಂದಿದ್ದವು. ಅವರು ಪೊಲೀಸರಿಗೆ ತಿಳಿಸಿದ್ದರು, ಭದ್ರತೆಯೂ ಸಿಕ್ಕಿತ್ತು. ಕೊಲೆಗೆ ಎರಡು ತಿಂಗಳು ಮೊದಲು ಆ ಭದ್ರತೆ ಹಿಂದಕ್ಕೆ ಹೋಗಿತ್ತು.

ಮುಂಬೈಯ ನಮ್ಮ ಹೋಟೆಲಿನವರು ಯಾಕೆ ಬಾಯಿ ಬಿಡಲಿಲ್ಲ ಎಂದು ಈಗಿನ ಹುಡುಗರು ಕೇಳಿದಾಗಲೆಲ್ಲ ನಾನು ಈ ಕತೆಯಿಂದಲೇ ಶುರು ಮಾಡುತ್ತೇನೆ. ಬಾಯಿ ಬಿಟ್ಟವರಿಗೆ ಏನಾಯಿತೆಂದು ಊರಿಗೆಲ್ಲ ಗೊತ್ತಿತ್ತು.

ನಾನು ಮಾಟುಂಗದಿಂದ ದಹಿಸರ್‌ವರೆಗೆ ಸಣ್ಣ ಹೋಟೆಲುಗಳ ಲೆಕ್ಕ ಬರೆದು ಬದುಕಿದವನು. ಈ ಉದ್ಯಮ ಬೆಳೆದದ್ದೇ ನಂಬಿಕೆಯ ಮೇಲೆ. ಎ. ರಾಮ ನಾಯಕರು ಮಾಟುಂಗ ಸ್ಟೇಷನ್ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು 1942ರಲ್ಲಿ. ಕರಾವಳಿಯಿಂದ ಬಂದ ಹುಡುಗರು ಹಗಲು ತಟ್ಟೆ ತೊಳೆದು ರಾತ್ರಿ ಕನ್ನಡ ಶಾಲೆಗೆ ಹೋಗುತ್ತಿದ್ದರು. ಮಾಣಿಯಾಗಿದ್ದವನು ಮ್ಯಾನೇಜರ್ ಆದ, ಕೆಲವರು ಪಾರ್ಟ್ನರ್ ಆದರು. ಭಾವ, ಮೈದುನ, ಅಡಿಗೆಯವ, ಸಾಲ ಕೊಟ್ಟವ ಎಲ್ಲರೂ ಒಂದೇ ಊರಿನವರು, ಒಂದೇ ಕಸುಬಿನವರು.

ಎಪ್ಪತ್ತರ ದಶಕದಲ್ಲಿ ಪಾನನಿಷೇಧ ಸಡಿಲವಾಗಿ ಮದ್ಯ ಕೊಡುವ ಪರ್ಮಿಟ್ ರೂಮುಗಳು ಬಂದವು. ತಡರಾತ್ರಿಯ ವ್ಯಾಪಾರ, ಗಲ್ಲಾದಲ್ಲಿ ನಗದು. 1982ರ ಜನವರಿ 18ರಂದು ಶುರುವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಅವರಲ್ಲಿ ಎಷ್ಟೋ ಜನ ಮತ್ತೆ ಕೆಲಸದ ಮುಖ ನೋಡಲಿಲ್ಲ. ಅಂಥ ಮನೆಗಳ ಕೆಲವು ಹುಡುಗರು ಗ್ಯಾಂಗುಗಳ ಪಾಲಾದರು. 1993ರ ಮಾರ್ಚ್ 12ರ ಮುಂಬೈ ಸ್ಫೋಟಗಳ ನಂತರ ಭೂಗತ ದೊರೆ ದಾವೂದ್ ಇಬ್ರಾಹಿಂ ಮತ್ತು ಛೋಟಾ ರಾಜನ್ ಬಣಗಳು ಬೇರೆಯಾದವು. ಒಬ್ಬನಿಗೆ ಕೊಟ್ಟರೆ ಇನ್ನೊಬ್ಬನ ಕಣ್ಣು ಕೆಂಪಾಗುವ ಕಾಲ ಬಂತು.

ಕರೆ ಮಾಡುವವರಿಗೆ ಎಲ್ಲವೂ ತಿಳಿದಿರುತ್ತಿತ್ತು: ಮಗಳ ಕಾಲೇಜು, ಊರಿನಲ್ಲಿ ಕಟ್ಟುತ್ತಿರುವ ಮನೆ, ಮುಂದಿನ ತಿಂಗಳ ಮದುವೆ. ಕೆಲವೊಮ್ಮೆ ಆ ಕಡೆಯ ದನಿ ತುಳುವಿನಲ್ಲೇ ಮಾತಾಡುತ್ತಿತ್ತು ಎಂದು ಒಬ್ಬರು ಧನಿಗಳು ನನಗೆ ಹೇಳಿದರು. ಅವರಿಗೆ ಬೆದರಿಕೆಗಿಂತ ಅದೇ ಹೆಚ್ಚು ನೋವು ಕೊಟ್ಟಿತ್ತು. ಹಾಗೆ ಕೊಟ್ಟ ಹಣ ನನ್ನ ಲೆಕ್ಕದ ಪುಸ್ತಕದಲ್ಲಿ ಬಣ್ಣ ಕಾಣದ ಗೋಡೆಗಳ ಪೇಂಟಿಂಗ್ ಖರ್ಚಾಗಿ ಬರುತ್ತಿತ್ತು. ರಸೀದಿ ಕೇಳಿದರೆ, “ಭಟ್ರೇ, ಮಕ್ಕಳು ಶಾಲೆಗೆ ಹೋಗ್ತಾರಲ್ಲ” ಎಂಬಷ್ಟೇ ಉತ್ತರ.

ದೂರು ಕೊಡಲು ಹೋಗಬೇಕಾದದ್ದು ಎಲ್ಲಿಗೆ? ಹೋಟೆಲಿನ ಪರವಾನಗಿ, ರಾತ್ರಿ ಬಾಗಿಲು ಹಾಕುವ ಹೊತ್ತು, ಎಲ್ಲಕ್ಕೂ ಕೈ ಮುಗಿಯಬೇಕಾದ ಇಲಾಖೆಗಳ ಹತ್ತಿರವೇ. ಪಕ್ಕದ ಹೋಟೆಲಿನವರೂ ಕೊಡುತ್ತಿದ್ದಾರೆಂದು ಗೊತ್ತಿದ್ದರೂ ಇಬ್ಬರೂ ಪರಸ್ಪರ ಕೇಳುತ್ತಿರಲಿಲ್ಲ. ಸಾಲಕ್ಕೆ ಜಾಮೀನು ನಿಂತ ಬಳಗ ಈ ಒಂದು ವಿಷಯದಲ್ಲಿ ಒಬ್ಬೊಬ್ಬರನ್ನೂ ಒಂಟಿಯಾಗಿ ಬಿಟ್ಟಿತು. 1997ರ ಆಗಸ್ಟ್ 12ರಂದು ಅಂಧೇರಿಯ ದೇವಸ್ಥಾನದ ಹೊರಗೆ ಸಂಗೀತ ಉದ್ಯಮಿ ಗುಲ್ಶನ್ ಕುಮಾರ್ ಹತರಾದ ಮೇಲೆ ನಮ್ಮವರು ಕಾರು ಬದಲಿಸಿದರು, ಮದುವೆಯ ಅದ್ದೂರಿ ಇಳಿಸಿದರು, ಮಕ್ಕಳನ್ನು ಊರಿಗೆ ಕಳಿಸಿದರು.

ಪೊಲೀಸರ ಎನ್‌ಕೌಂಟರುಗಳಿಂದ ಗ್ಯಾಂಗುಗಳ ಸೊಂಟ ಮುರಿಯಿತು ಎಂದು ಬಹಳ ಮಂದಿ ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಎನ್‌ಕೌಂಟರಿಗೆ ಸಾಕ್ಷಿ ಬೇಡ, ದೂರುದಾರ ಬೇಡ. ಯಾರೂ ಬಾಯಿ ತೆರೆಯದೆಯೇ ಎಲ್ಲವೂ ಮುಗಿದುಹೋಗುತ್ತದೆ. ಮೌನಕ್ಕೆ ಅದು ಇನ್ನಷ್ಟು ಬಲ ಕೊಟ್ಟಿತು. ಸಂಘಟಿತ ಅಪರಾಧದ ವಿರುದ್ಧ ಬಂದ 1999ರ ಮೋಕಾ ಕಾನೂನಿನ ಬಗ್ಗೆ ತಕರಾರುಗಳಿವೆ. ಹಿರಿಯ ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನೂ ಅದು ಪುರಾವೆಯಾಗಿ ಒಪ್ಪುತ್ತದೆ. ಆದರೂ ಸಾಕ್ಷಿಯ ಹೆಸರು, ವಿಳಾಸ ಗುಟ್ಟಾಗಿಡಲು ಅದರಲ್ಲಿ ಅವಕಾಶವಿದೆ. ವಿಚಾರಣೆ ನಡೆಯಬೇಕಾದರೆ ಯಾರಾದರೂ ಬಂದು ಹೇಳಲೇಬೇಕು.

ಗಾಮ್‌ದೇವಿಯ ಕೊಲೆಯಲ್ಲಿ ಹಾಗೆ ವಿಚಾರಣೆ ನಡೆಯಿತು. ಮೊದಲು ಮೂವರಿಗೆ ಶಿಕ್ಷೆಯಾಯಿತು. ಛೋಟಾ ರಾಜನ್‌ನನ್ನು 2015ರಲ್ಲಿ ಇಂಡೋನೇಷ್ಯಾದಿಂದ ಕರೆತಂದರು. 2024ರ ಮೇ 30ರಂದು ವಿಶೇಷ ನ್ಯಾಯಾಲಯ ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಹೈಕೋರ್ಟು ಶಿಕ್ಷೆ ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತು. 2025ರಲ್ಲಿ ಸುಪ್ರೀಂ ಕೋರ್ಟು ಆ ಜಾಮೀನನ್ನು ರದ್ದುಮಾಡಿತು. ಕೊಲೆಯಿಂದ ಆ ಶಿಕ್ಷೆಗೆ 23 ವರ್ಷ. ಅಷ್ಟು ಕಾಲ ಕಾದ ಮನೆಯವರನ್ನು ನೆನೆದರೆ ಕರುಳು ಕಿವುಚುತ್ತದೆ.

ನಮ್ಮ ಸಂಘಗಳ ಸ್ಮರಣ ಸಂಚಿಕೆಗಳನ್ನು ತೆರೆದರೆ ಯಾವ ಹೋಟೆಲು ಯಾವಾಗ ಶುರುವಾಯಿತು, ಯಾರು ಸಭಾಭವನಕ್ಕೆ ಎಷ್ಟು ಕೊಟ್ಟರು ಎಲ್ಲವೂ ಇದೆ. ಖಂಡಣಿಯ ವರ್ಷಗಳು ಮಾತ್ರ ಇಲ್ಲ. ಕೊಟ್ಟವರು, ಕೊಡದೆ ನಿಂತವರು ಕೆಲವರಾದರೂ ಇನ್ನೂ ಬದುಕಿದ್ದಾರೆ. ಅವರ ಬಳಿ ಕೂತು ಬರೆದುಕೊಳ್ಳಬೇಕು, ಬೇಡವೆಂದವರ ಹೆಸರು ಬಿಟ್ಟು. ನಾಳೆ ಯಾರಿಗಾದರೂ ಅಂಥ ಕರೆ ಬಂದರೆ ಸಂಘವೇ ದೂರುದಾರನಾಗಿ ಠಾಣೆಗೆ ಹೋಗಬೇಕು. ಹೋಟೆಲು ಕಟ್ಟಲು ಒಟ್ಟಾಗಿ ನಿಂತವರಿಗೆ ಇದು ಅಸಾಧ್ಯವೇನಲ್ಲ.